ಮನೆಯಲ್ಲಿ ತಿಂಡಿ, ಆಮೇಲೆ ಗೆಳೆಯರ ಜೊತೆ ಸಿಹಿ ಹುಡುಕಾಟ: ಎರಡನೇ ತಟ್ಟೆಗೇ ಮುಖಕ್ಕೆ ಹೊಡೆಯದ ಹಾಗೆ ಏನು ಮಾಡಬಹುದು?

ಬೆಳಗಿನಬಾಣಲೆ ಕೇಳಿದ್ದು:

ಪ್ರಶ್ನೆ ಎರಡಿವೆ. ಎರಡೂ ಒಂದೇ ದಿನಕ್ಕೆ ಸೇರಿದವು, ಅದಕ್ಕೇ ಒಟ್ಟಿಗೆ ಕೇಳುತ್ತಿದ್ದೇನೆ.

ರಜೆಯ ದಿನ ನಮ್ಮ ಗುಂಪು ನನ್ನ ಮನೆಯಲ್ಲಿ ಸೇರುತ್ತದೆ. ಆರು ಜನ. ತಿಂಡಿ ನಾನು ಮಾಡುತ್ತೇನೆ, ಪಾತ್ರೆ ಅವರು ತೊಳೆಯುತ್ತಾರೆ. ಆಮೇಲೆ ಎಲ್ಲರೂ ಸಿಹಿ ಹುಡುಕಿಕೊಂಡು ನಡೆದೇ ಹೊರಡುತ್ತೇವೆ. ಅವತ್ತು ಮಧ್ಯಾಹ್ನದ ಊಟ ಅಂತ ಬೇರೆ ಇರುವುದಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ, ಆಮೇಲೆ ಸಿಹಿ, ನಡುವೆ ನಡಿಗೆ ಮತ್ತು ಮಾತು. ವಾರವಿಡೀ ನಾನು ಈ ದಿನಕ್ಕೆ ಕಾಯುತ್ತೇನೆ.

ಮನೆ ತಿಂಡಿ ನನಗೆ ಯಾಕೆ ಇಷ್ಟ ಅಂದರೆ, ಅದರ ಹದ ನನ್ನ ಕೈಯಲ್ಲಿರುತ್ತದೆ. ಕದಡಿದ ಮೊಟ್ಟೆ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಒಲೆಯಿಂದ ಇಳಿಸಬಹುದು. ಬ್ರೆಡ್ಡು ಅಂಚಿನಲ್ಲಿ ಕಂದು, ನಡುವೆ ಮೆತ್ತಗೆ ಇರುವಾಗ ತೆಗೆಯಬಹುದು. ಬೆಣ್ಣೆ ಸವರಿದರೆ ಅದು ಅಲ್ಲೇ ಕರಗಬೇಕು. ಹೊರಗೆ ಎಷ್ಟೇ ಚೆನ್ನಾಗಿ ಮಾಡಿದರೂ ತಟ್ಟೆ ಮೇಜಿಗೆ ಬರುವಷ್ಟರಲ್ಲಿ ಆ ಹದ ದಾಟಿರುತ್ತದೆ. ನನ್ನ ಅಡುಗೆಮನೆಯಲ್ಲಿ ಬಾಣಲೆಗೂ ಮೇಜಿಗೂ ಎರಡೇ ಹೆಜ್ಜೆ.

ಸಿಹಿಯ ವಿಷಯದಲ್ಲಿ ನನ್ನ ನಿಲುವು ತಿರುಗಾಮುರುಗಾ. ಪದರ ಪದರವಾಗಿ ಬಿಚ್ಚಿಕೊಳ್ಳುವ ಪಫ್, ಮುರಿದರೆ ಟಕ್ ಅನ್ನುವ ಚಾಕೊಲೇಟು, ಮರಳು ಮರಳಾಗದ ಐಸ್‌ಕ್ರೀಮು, ಇವುಗಳ ಹಿಂದೆ ಯಂತ್ರ ಇದೆ, ತಣ್ಣನೆಯ ಕೋಣೆ ಇದೆ, ಪಳಗಿದ ಕೈ ಇದೆ. ಮನೆಯಲ್ಲಿ ಚೆನ್ನಾಗಿ ಆಗುವುದನ್ನು ಮನೆಯಲ್ಲಿ ತಿನ್ನಬೇಕು, ಆಗದೇ ಇರುವುದನ್ನು ಹುಡುಕಿಕೊಂಡು ಹೋಗಬೇಕು ಅಂತ ನಾನು ನಂಬಿದ್ದೇನೆ. ಹುಡುಕುವುದರಲ್ಲೇ ಅರ್ಧ ಖುಷಿ ಇದೆ. ಗಾಜಿನ ಪೆಟ್ಟಿಗೆಯ ಮುಂದೆ ಆರು ಜನ ಬಗ್ಗಿ ನಿಂತು, ಯಾವುದು ಬೇಕು ಅಂತ ವಾದ ಮಾಡುವ ಆ ಹೊತ್ತು ನನಗೆ ತುಂಬ ಪ್ರಿಯ.

ನಮ್ಮಲ್ಲಿ ಒಬ್ಬಳು ಚಾಕೊಲೇಟ್ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವುದಿಲ್ಲ. ಒಬ್ಬನಿಗೆ ಹಣ್ಣು ಇದ್ದರೆ ಮಾತ್ರ ಸಿಹಿ. ಒಬ್ಬಳು ಮೊಟ್ಟೆ ತಿನ್ನುವುದಿಲ್ಲ. ಇನ್ನೊಬ್ಬನಿಗೆ ಕೇಕಿನ ಅಂಚು ಮಾತ್ರ ಬೇಕು, ನಡುವಿನ ಭಾಗ ನಮಗೆ ತಳ್ಳುತ್ತಾನೆ. ಮತ್ತೊಬ್ಬರು ವೈದ್ಯರ ಮಾತಿನಂತೆ ಸಕ್ಕರೆ ಮಿತಿಯಲ್ಲಿ ತಿನ್ನುತ್ತಾರೆ, ಆದರೂ ಪ್ರತಿ ಸಲ ಬರುತ್ತಾರೆ.

ಈಗ ಪ್ರಶ್ನೆಗೆ ಬರುತ್ತೇನೆ.

ಮೊದಲನೆಯದು ತಿಂಡಿಯದು. ಒಂದೇ ಬಾಣಲೆಯಲ್ಲಿ ಆರು ಜನಕ್ಕೆ ಪ್ಯಾನ್‌ಕೇಕ್ ಹೊಯ್ಯುತ್ತಾ ನಿಂತರೆ ನಾನು ಮೇಜಿಗೆ ಬರುವಷ್ಟರಲ್ಲಿ ಉಳಿದವರದು ಮುಗಿದಿರುತ್ತದೆ. ಎಲ್ಲರೂ ಕಾದರೆ ಮೊದಲು ಹೊಯ್ದದ್ದು ಆರಿ ಮೆತ್ತಗಾಗುತ್ತದೆ. ಎಲ್ಲರೂ ಒಟ್ಟಿಗೆ ಕೂತು ಬಿಸಿಬಿಸಿ ತಿನ್ನುವ ದಾರಿ ಏನು?

ಎರಡನೆಯದು ಸಿಹಿಯದು. ಮೊದಲನೇ ಕಡೆ ಕಣ್ಣರಳಿಸಿಕೊಂಡು ತಿನ್ನುತ್ತೇವೆ. ಎರಡನೇ ಕಡೆ ಅರ್ಧಕ್ಕೇ ಮುಖಕ್ಕೆ ಹೊಡೆಯುತ್ತದೆ. ಮೂರನೆಯದು ಎಷ್ಟೇ ಒಳ್ಳೆಯದಿದ್ದರೂ ಯಾರಿಗೂ ಬೇಡ. ಹೊಟ್ಟೆ ತುಂಬಿರುವುದಿಲ್ಲ, ಬಾಯಿಗೆ ಮಾತ್ರ ಸಾಕಾಗಿರುತ್ತದೆ. ಅಷ್ಟು ಕಷ್ಟಪಟ್ಟು ಯಾರೋ ಮಾಡಿದ ಸಿಹಿಯನ್ನು ಸಪ್ಪೆ ನಾಲಿಗೆಯಿಂದ ತಿನ್ನುವುದು ನನಗೆ ಸರಿ ಅನ್ನಿಸುವುದಿಲ್ಲ. ಯಾವ ಕ್ರಮದಲ್ಲಿ, ಎಷ್ಟೆಷ್ಟು ತಿಂದರೆ ಕೊನೆಯದನ್ನೂ ಸವಿಯಬಹುದು?

ಸಕ್ಕರೆಪಾಕ ಉತ್ತರಿಸಿದ್ದು:

ಸಿಹಿ ತಯಾರಿಸುವ ಅಡುಗೆಮನೆಯಲ್ಲೇ ನನ್ನ ಕೆಲಸ. ದಿನವೂ ರುಚಿ ನೋಡಲೇಬೇಕು, ಹಾಗಾಗಿ ನಿಮ್ಮ ಎರಡನೇ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತಿರುವ ವಿಷಯ.

ಹೊಟ್ಟೆಗೆ ಜಾಗ ಇದ್ದೂ ಬಾಯಿಗೆ ಬೇಡ ಅನ್ನಿಸುತ್ತದೆ ಅಂದಿರಲ್ಲ, ಅದು ನಿಜವೇ. ಬಾರ್ಬರಾ ರೋಲ್ಸ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು 1981ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಂದು ತಿನಿಸನ್ನು ತಿನ್ನುತ್ತಾ ಹೋದಂತೆ ಆ ತಿನಿಸಿನ ಮೇಲಿನ ಇಷ್ಟ ಇಳಿಯುತ್ತದೆ. ತಿನ್ನದೇ ಇರುವ ಬೇರೆ ತಿನಿಸುಗಳ ಮೇಲಿನ ಇಷ್ಟ ಅಷ್ಟು ಇಳಿಯುವುದಿಲ್ಲ. ಊಟ ಮುಗಿದ ಮೇಲೂ ಸಿಹಿಗೆ ಜಾಗ ಇದೆ ಅನ್ನಿಸುವುದು ಇದರಿಂದಲೇ. ನಿಮಗೆ ಆಗುತ್ತಿರುವುದು ಅದರ ಇನ್ನೊಂದು ಮುಖ. ಮೊದಲನೇ ಕಡೆ ಕ್ರೀಮ್ ಕೇಕು, ಎರಡನೇ ಕಡೆಯೂ ಕ್ರೀಮ್ ಕೇಕು ಅಂದರೆ ಬಾಯಿಗೆ ಅದು ಒಂದೇ ತಿನಿಸಿನ ಮುಂದುವರಿಕೆ.

ಅದಕ್ಕೆ ಪರಿಹಾರ, ಪ್ರತಿ ಕಡೆ ಬಾಯಿಗೆ ಹೊಸದೇನಾದರೂ ಸಿಗಬೇಕು. ಬರೀ ರುಚಿ ಬದಲಾದರೆ ಸಾಲದು. ಕಡಿಯುವ ಬಗೆ ಬದಲಾಗಬೇಕು, ಬಿಸಿ ತಣ್ಣಗೆ ಬದಲಾಗಬೇಕು. ನನ್ನನ್ನು ಕೇಳಿದರೆ ಮೊದಲು ಹಣ್ಣಿನ ಹುಳಿ ಇರುವ ಗರಿಗರಿ ಟಾರ್ಟು. ಆಮೇಲೆ ಹಾಲಿನ ಮೆತ್ತನೆಯ ಕಸ್ಟರ್ಡು. ಆಮೇಲೆ ಕ್ಯಾರಮೆಲ್ ಅಥವಾ ಸುಟ್ಟ ಸಕ್ಕರೆಯ ಸ್ವಲ್ಪ ಕಹಿ. ಅದಾದ ಮೇಲೆ ಗಾಢ ಚಾಕೊಲೇಟು. ಐಸ್‌ಕ್ರೀಮು ಕಟ್ಟಕಡೆಗೆ. ಚಾಕೊಲೇಟನ್ನು ಮೊದಲೇ ತಿಂದರೆ ಅದರ ಕೊಬ್ಬು ಮತ್ತು ಕಹಿ ನಾಲಿಗೆಯ ಮೇಲೆ ಕೂತುಬಿಡುತ್ತವೆ, ಹಣ್ಣಿನ ಟಾರ್ಟು ಆಮೇಲೆ ಬರೀ ಹುಳಿ ಅನ್ನಿಸುತ್ತದೆ. ನಿಮ್ಮ ಚಾಕೊಲೇಟ್ ಗೆಳತಿಗೆ ಇದನ್ನು ಹೇಳಿ ಒಪ್ಪಿಸಬೇಕು. ಕಾದರೆ ಅವಳಿಗೇ ಲಾಭ.

ಐಸ್‌ಕ್ರೀಮು ಯಾಕೆ ಕೊನೆಗೆ ಅಂದರೆ, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಸಿಹಿಯ ಸಂದೇಶ ಸಾಗಿಸುವ ಒಂದು ಪ್ರೋಟೀನು ರುಚಿಕೋಶಗಳಲ್ಲಿದೆ. ಅದು 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಕಾವು ಏರಿದಂತೆ ಜಾಸ್ತಿ ಚುರುಕಾಗುತ್ತದೆ ಅಂತ 2005ರಲ್ಲಿ ಗೊತ್ತಾಯಿತು. ಅದಕ್ಕೇ ಐಸ್‌ಕ್ರೀಮಿಗೆ ನಾವು ಸಕ್ಕರೆ ಜಾಸ್ತಿಯೇ ಹಾಕುತ್ತೇವೆ. ಕರಗಿದ ಐಸ್‌ಕ್ರೀಮು ಕುಡಿದು ನೋಡಿ, ವಿಪರೀತ ಸಿಹಿ. ತಣ್ಣನೆಯದು ತಿಂದ ತಕ್ಷಣ ಸೂಕ್ಷ್ಮ ರುಚಿಯ ಕಸ್ಟರ್ಡು ತಿಂದರೆ ಅದರ ಅರ್ಧ ರುಚಿ ನಿಮಗೆ ಸಿಗುವುದೇ ಇಲ್ಲ.

ಪ್ರಮಾಣ: ಆರು ಜನಕ್ಕೆ ಒಂದು ಕಡೆ ಎರಡು ತಟ್ಟೆ ಸಾಕು. ತಲೆಗೆ ಒಂದೊಂದರಿಂದ ಎರಡು ಚಮಚ. ಮೊದಲನೇ ಚಮಚದಲ್ಲಿ ಆಶ್ಚರ್ಯ ಇರುತ್ತದೆ, ಎರಡನೆಯದರಲ್ಲಿ ಗಮನ ಇರುತ್ತದೆ. ಅದರಾಚೆ ಬರುವುದು ಹೊಟ್ಟೆ ತುಂಬಿಸುವ ಕೆಲಸ. ನಡುವೆ ಉಗುರುಬೆಚ್ಚಗಿನ ನೀರು ಕುಡಿಯಿರಿ. ಐಸ್ ನೀರು ಬೇಡ, ಅದು ಬಾಯಿಯಲ್ಲಿರುವ ಕೊಬ್ಬನ್ನು ಗಟ್ಟಿ ಮಾಡುತ್ತದೆ. ಚೀಲದಲ್ಲಿ ಉಪ್ಪಿನ ಸಾದಾ ಬಿಸ್ಕೆಟ್ ಇದ್ದರೆ ಒಂದು ಚೂರು ಕಡಿಯಿರಿ. ಎರಡು ಅಂಗಡಿಗಳ ನಡುವೆ ಅರ್ಧ ಗಂಟೆಯಾದರೂ ನಡಿಗೆ ಇರಲಿ. ನೀವು ಹೇಗೂ ನಡೆಯುತ್ತೀರಿ, ಒಳ್ಳೆಯದೇ ಆಯಿತು.

ಹುಡುಕಿಕೊಂಡು ಹೋಗುತ್ತೀರಿ ಅಂದಿದ್ದಕ್ಕೆ ಇನ್ನೊಂದು ಮಾತು. ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಏನು ನೋಡಬೇಕು ಅಂತ ತಿಳಿದಿದ್ದರೆ ಆ ವಾದಕ್ಕೆ ಇನ್ನೂ ರುಚಿ ಬರುತ್ತದೆ.

ಪಫ್ ಪೇಸ್ಟ್ರಿಯನ್ನು ಪಕ್ಕದಿಂದ ನೋಡಿ. ಹಿಟ್ಟಿನೊಳಗೆ ಬೆಣ್ಣೆ ಇಟ್ಟು ಮೂರು ಮಡಿಕೆ ಮಾಡಿ ಲಟ್ಟಿಸುತ್ತಾರೆ. ಹೀಗೆ ಆರು ಸಲ ಮಾಡಿದರೆ ಬೆಣ್ಣೆಯ ಪದರ 729 ಆಗುತ್ತದೆ. ಒಲೆಯಲ್ಲಿ ಒಳಗಿನ ನೀರು ಹಬೆಯಾಗಿ ಪದರಗಳನ್ನು ಎತ್ತುತ್ತದೆ. ಪದರಗಳು ಬಿಡಿಬಿಡಿಯಾಗಿ ಕಂಡರೆ ಬೆಣ್ಣೆ ಕೊನೆಯವರೆಗೂ ತಣ್ಣಗಿತ್ತು ಅಂತ ಅರ್ಥ. ಅಂಟಿಕೊಂಡು ಮುದ್ದೆಯಾಗಿದ್ದರೆ ಬೆಣ್ಣೆ ನಡುವೆಯೇ ಕರಗಿ ಹಿಟ್ಟಿನಲ್ಲಿ ಸೇರಿಹೋಗಿದೆ. ಬಣ್ಣ ತಿಳಿ ಹಳದಿ ಇದ್ದರೆ ಬಿಟ್ಟುಬಿಡಿ. ಚೆನ್ನಾಗಿ ಕಂದು ಬಂದಿರಬೇಕು.

ಚಾಕೊಲೇಟಿಗೆ ಹೊಳಪು ಇರಬೇಕು. ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ನಮಗೆ ಬೇಕಾದ್ದು ಐದನೆಯದು. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಕೈಯಲ್ಲಿ ಗಟ್ಟಿ ಇರುತ್ತದೆ, ಬಾಯಿಯಲ್ಲಿ ಕರಗುತ್ತದೆ. ಈ ಹರಳನ್ನೇ ತರಿಸಲು ಕಾಯಿಸಿ, ತಣಿಸಿ, ಮತ್ತೆ ಸ್ವಲ್ಪ ಕಾಯಿಸುವ ಕೆಲಸಕ್ಕೆ ಟೆಂಪರಿಂಗ್ ಅನ್ನುತ್ತೇವೆ. ಮೇಲೆ ಬಿಳಿ ಮಚ್ಚೆ ಕಂಡರೆ ಕೆಟ್ಟಿದೆ ಅಂತಲ್ಲ, ತಿನ್ನಬಹುದು. ಆದರೆ ಟಕ್ ಅನ್ನುವ ಮುರಿತ ಸಿಗುವುದಿಲ್ಲ.

ಐಸ್‌ಕ್ರೀಮಿನ ಗುಟ್ಟು ತೂಕದಲ್ಲಿದೆ. ಕಡೆಯುವಾಗ ಅದರೊಳಗೆ ಗಾಳಿ ಸೇರುತ್ತದೆ. ಕೆಲವದರಲ್ಲಿ ಅರ್ಧ ಗಾತ್ರ ಬರೀ ಗಾಳಿ. ಒಳ್ಳೆಯದು ಚಮಚಕ್ಕೆ ಭಾರ ಅನ್ನಿಸುತ್ತದೆ, ನಿಧಾನವಾಗಿ ಕರಗುತ್ತದೆ. ನಾಲಿಗೆಗೆ ಮರಳು ಸಿಕ್ಕಿದರೆ ಅದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರಬಹುದು.

ವೆನಿಲಾ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಜನ ಅದನ್ನು ಸುಮ್ನೆ ಸಾದಾ ಅಂದುಬಿಡುತ್ತಾರೆ. ಅದು ಒಂದು ಆರ್ಕಿಡ್ ಬಳ್ಳಿಯ ಕಾಯಿ. ಹೂವು ಅರಳಿರುವುದು ಒಂದೇ ದಿನ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಅದಕ್ಕೆ ಕೈಯಿಂದ ಪರಾಗ ಮುಟ್ಟಿಸುವ ಸುಲಭ ದಾರಿ ಕಂಡುಹಿಡಿದ. ಇವತ್ತಿಗೂ ತೋಟಗಳಲ್ಲಿ ಆ ಕೆಲಸ ಕೈಯಿಂದಲೇ ನಡೆಯುತ್ತದೆ. ಕಸ್ಟರ್ಡಿನಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡರೆ ಆ ಹುಡುಗನನ್ನು ನೆನೆಯಿರಿ.

ಬೆಳಗಿನಬಾಣಲೆ ಉತ್ತರಿಸಿದ್ದು:

ತುಂಬ ಧನ್ಯವಾದ. ಆರ್ಕಿಡ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿದ ತಕ್ಷಣ ಗುಂಪಿಗೆ ಕಳಿಸಿದೆ. ಚಾಕೊಲೇಟ್ ಗೆಳತಿ ಕಾಯುತ್ತೇನೆ ಅಂದಿದ್ದಾಳೆ, ಆದರೆ ಅವಳ ತಟ್ಟೆ ಅವಳೇ ಆರಿಸುತ್ತಾಳಂತೆ. ಅದು ನ್ಯಾಯವೇ.

ತಿಂಡಿಯ ಬಗ್ಗೆ ಯಾರಾದರೂ ಹೇಳುತ್ತೀರಾ?

ಹದಗಾರ್ತಿ ಉತ್ತರಿಸಿದ್ದು:

ನಮ್ಮದು ದೊಡ್ಡ ಮನೆ, ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲರಿಗೂ ಹಸಿವು. ಈ ಪ್ರಶ್ನೆ ನನಗೆ ದಿನನಿತ್ಯದ್ದು.

ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಅಂತ ಮೊದಲು ಬೇರೆ ಮಾಡಿಕೊಳ್ಳಿ. ಗಂಜಿಯಂತೆ ಬೆಂದ ಓಟ್ಸ್ ಕಾಯುತ್ತದೆ. ಹೆಚ್ಚಿದ ಹಣ್ಣು ಕಾಯುತ್ತದೆ. ಬೇಯಿಸಿದ ಮೊಟ್ಟೆ ಕಾಯುತ್ತದೆ. ಪ್ಯಾನ್‌ಕೇಕು ಸರಿಯಾಗಿ ಇಟ್ಟರೆ ಕಾಲು ಗಂಟೆ ಕಾಯುತ್ತದೆ. ಟೋಸ್ಟು ಮತ್ತು ಕದಡಿದ ಮೊಟ್ಟೆ ಒಂದು ನಿಮಿಷವೂ ಕಾಯುವುದಿಲ್ಲ. ಕಾಯದ್ದನ್ನು ಕೊನೆಗೆ ಮಾಡಬೇಕು, ಎಲ್ಲರೂ ಕೂತ ಮೇಲೆ. ನಿಮ್ಮ ಪೂರ್ತಿ ತೊಂದರೆ ಇಷ್ಟರಲ್ಲೇ ಅರ್ಧ ಕಳೆಯುತ್ತದೆ.

ಪ್ಯಾನ್‌ಕೇಕಿಗೆ ಓವನ್ ಇದ್ದರೆ 90ರಿಂದ 100 ಡಿಗ್ರಿಗೆ ಇಡಿ. ಒಳಗೆ ತಂತಿ ಜಾಲರಿ ಇಟ್ಟು ಅದರ ಮೇಲೆ ಒಂದೊಂದಾಗಿ ಹರಡಿ. ಒಂದರ ಮೇಲೊಂದು ಪೇರಿಸಬೇಡಿ, ಅದರ ಹಬೆಯೇ ಅದನ್ನು ಒದ್ದೆ ಮಾಡುತ್ತದೆ. ಮುಚ್ಚಲೂ ಬೇಡಿ. ಓವನ್ ಇಲ್ಲದಿದ್ದರೆ ಎರಡು ಬಾಣಲೆ ಒಟ್ಟಿಗೆ ಹಚ್ಚಿ, ಸಣ್ಣ ಸಣ್ಣದಾಗಿ ಹೊಯ್ಯಿರಿ.

ಹಿಟ್ಟಿನ ಕೆಲಸ ಹಿಂದಿನ ರಾತ್ರಿಯೇ ಅರ್ಧ ಮುಗಿಸಿ. ಒಣದನ್ನೆಲ್ಲ ಒಂದು ಪಾತ್ರೆಯಲ್ಲಿ ಬೆರೆಸಿಡಿ. ಹಾಲು, ಮೊಸರು ಇನ್ನೊಂದರಲ್ಲಿ ಫ್ರಿಜ್‌ನಲ್ಲಿರಲಿ. ಎರಡನ್ನೂ ಬೆಳಿಗ್ಗೆಯೇ ಸೇರಿಸಬೇಕು. ಅಡುಗೆ ಸೋಡಾ ಹುಳಿ ಮುಟ್ಟಿದ ಕ್ಷಣವೇ ಗುಳ್ಳೆ ಬಿಡಲು ಶುರು ಮಾಡುತ್ತದೆ, ರಾತ್ರಿಯೇ ಸೇರಿಸಿದರೆ ಬೆಳಿಗ್ಗೆ ಗಾಳಿ ಉಳಿದಿರುವುದಿಲ್ಲ. ಸೇರಿಸಿದ ಮೇಲೆ ನಾಲ್ಕಾರು ಸಲ ತಿರುವಿ ಬಿಟ್ಟುಬಿಡಿ. ಸಣ್ಣ ಗಂಟು ಇದ್ದರೆ ಇರಲಿ. ಜಾಸ್ತಿ ತಿರುವಿದರೆ ಹಿಟ್ಟಿನ ಅಂಟು, ಅಂದರೆ ಗ್ಲುಟನ್, ಬಿಗಿದು ರಬ್ಬರ್ ಆಗುತ್ತದೆ. ಹತ್ತು ನಿಮಿಷ ಬಿಟ್ಟರೆ ಹಿಟ್ಟು ನೀರು ಹೀರಿ ಹದಕ್ಕೆ ಬರುತ್ತದೆ.

ಬಾಣಲೆಗೆ ನೀರು ಚಿಮುಕಿಸಿ ನೋಡಿ. ಚುರ್ ಅಂತ ಆರಿದರೆ ಸರಿ. ಹನಿ ಮುತ್ತಿನ ಹಾಗೆ ಉರುಳಾಡಿದರೆ ಕಾವು ಜಾಸ್ತಿ, ಉರಿ ಇಳಿಸಿ. ಕಂದು ಬಣ್ಣ ಬರಬೇಕಾದರೆ ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ದಾಟಬೇಕು. ಪ್ರೋಟೀನು ಮತ್ತು ಸಕ್ಕರೆ ಸೇರಿ ಆ ಬಣ್ಣ, ಆ ಘಮ ಹುಟ್ಟುತ್ತದೆ. ಲೂಯಿ ಕಮೀಲ್ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರೇ ಅದಕ್ಕೆ ಉಳಿಯಿತು. ಟೋಸ್ಟಿನ ಘಮವೂ ಅದೇ, ಕೇಕಿನ ಅಂಚೂ ಅದೇ. ಅಂಚು ಮಾತ್ರ ಕೇಳುವ ನಿಮ್ಮ ಗೆಳೆಯನ ಆಯ್ಕೆ ಸರಿಯಾಗಿಯೇ ಇದೆ, ರುಚಿ ಹೆಚ್ಚು ಇರುವುದು ಅಲ್ಲೇ. ಅವನಿಗೆ ಸಣ್ಣ ಪ್ಯಾನ್‌ಕೇಕು ಹೊಯ್ದುಕೊಡಿ, ಅಂಚು ಜಾಸ್ತಿ ಸಿಗುತ್ತದೆ.

ಮೊಟ್ಟೆಗೆ ಸಣ್ಣ ಉರಿಯೇ ಬೇಕು. ಬಿಳಿ ಭಾಗ 60 ಡಿಗ್ರಿ ದಾಟಿದ ಮೇಲೆ ಕಟ್ಟಲು ಶುರುವಾಗುತ್ತದೆ, ಹಳದಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ನಡುವಿನ ಅಂತರ ಅಷ್ಟೇ. ದೊಡ್ಡ ಉರಿಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ. ಕಾಲು ಗಂಟೆ ಮೊದಲೇ ಉಪ್ಪು ಹಾಕಿ ಕಲಸಿಟ್ಟರೆ ಬೆಂದ ಮೇಲೆ ನೀರು ಬಿಡುವುದು ಕಡಿಮೆ. ಇನ್ನೂ ಒದ್ದೆ ಇರುವಾಗ ಇಳಿಸುತ್ತೀರಿ ಅಂದಿದ್ದೀರಿ, ಅದನ್ನು ಬಿಡಬೇಡಿ, ಬಾಣಲೆಯ ಕಾವು ಉಳಿದದ್ದನ್ನು ಮಾಡುತ್ತದೆ. ಬೇಯಿಸುವುದಾದರೆ ಕುದಿಯುವ ನೀರಿಗೇ ಇಳಿಸಿ. ಆರೂವರೆ ಏಳು ನಿಮಿಷಕ್ಕೆ ಹಳದಿ ಇನ್ನೂ ಮೆತ್ತಗಿರುತ್ತದೆ. ಕುದಿನೀರಿಗೆ ಇಳಿಸಿದ ಮೊಟ್ಟೆ ಸುಲಿಯುವುದೂ ಸಲೀಸು. ಸ್ವಲ್ಪ ಹಳೆಯ ಮೊಟ್ಟೆ ಇನ್ನೂ ಚೆನ್ನಾಗಿ ಸುಲಿಯುತ್ತದೆ.

ಮೊಟ್ಟೆ ತಿನ್ನದ ಗೆಳತಿಗೆ ಬೇರೆ ತಿಂಡಿ ಮಾಡಿ ಪ್ರತ್ಯೇಕ ಕೂರಿಸಬೇಡಿ. ಎಲ್ಲರ ಪ್ಯಾನ್‌ಕೇಕನ್ನೂ ಮೊಟ್ಟೆ ಇಲ್ಲದೆ ಮಾಡಿ. ಚೆನ್ನಾಗಿ ಹಣ್ಣಾದ ಒಂದು ಬಾಳೆಹಣ್ಣು ಹಿಸುಕಿ ಹಾಕಿ, ಬೇಕಿಂಗ್ ಪೌಡರ್ ಸ್ವಲ್ಪ ಜಾಸ್ತಿ ಹಾಕಿ. ಬೇಯಿಸಿದ ಮೊಟ್ಟೆ ಪಕ್ಕದ ಬಟ್ಟಲಲ್ಲಿ ಇರಲಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಆಗ ಆರು ಜನವೂ ಒಂದೇ ತಿಂಡಿ ತಿನ್ನುತ್ತೀರಿ.

ಬ್ರೆಡ್ಡನ್ನು ಫ್ರಿಜ್‌ನಲ್ಲಿ ಇಡಬೇಡಿ. ಹಿಟ್ಟಿನ ಪಿಷ್ಟ ಮತ್ತೆ ಬಿಗಿದುಕೊಳ್ಳುವುದು ಆ ತಂಪಿನಲ್ಲೇ ಬೇಗ, ಬ್ರೆಡ್ಡು ಗಡುಸಾಗುತ್ತದೆ. ಕತ್ತರಿಸಿ ಫ್ರೀಜರಿಗೆ ಹಾಕಿ, ಅಲ್ಲಿಂದ ನೇರ ಟೋಸ್ಟರಿಗೆ.

ಕೊನೆಯದಾಗಿ, ಅವತ್ತಿನ ತಿಂಡಿಯಲ್ಲಿ ಸಿಹಿ ಬೇಡ. ಜೇನು, ಜಾಮ್ ಎಲ್ಲ ಬೇರೆ ದಿನಕ್ಕೆ ಇರಲಿ. ಉಪ್ಪು, ಕಾಳುಮೆಣಸು, ಬೆಣ್ಣೆ, ಹುರಿದ ಅಣಬೆ, ಟೊಮೆಟೊ, ಮೊಸರು. ಸಕ್ಕರೆಪಾಕ ಹೇಳಿದ್ದನ್ನೇ ಹಿಂದಕ್ಕೆ ತಂದರೆ ಇದು ಬರುತ್ತದೆ. ಬೆಳಿಗ್ಗೆ ಬಾಯಿಗೆ ಸಿಹಿ ತಾಗದಿದ್ದರೆ ಮೊದಲ ಟಾರ್ಟು ಎಷ್ಟು ಚೆನ್ನಾಗಿರುತ್ತದೆ, ಅಲ್ವಾ?

ಅರ್ಧಚಮಚ ಉತ್ತರಿಸಿದ್ದು:

ನಿಮ್ಮ ಗುಂಪಿನಲ್ಲಿ ಸಕ್ಕರೆ ಮಿತಿಯಲ್ಲಿ ತಿನ್ನುವವರು ಒಬ್ಬರಿದ್ದಾರೆ ಅಂದಿರಿ. ನಾನೂ ಅಂಥವಳೇ, ಹಾಗಾಗಿ ಅವರ ಕಡೆಯಿಂದ ಒಂದೆರಡು ಮಾತು.

ಅವರು ಪ್ರತಿ ಸಲ ಬರುತ್ತಾರೆ ಅಂದರೆ ಅವರಿಗೆ ನಿಮ್ಮ ಜೊತೆ ಇಷ್ಟ. ಎಷ್ಟು ತಿನ್ನಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಒಂದೇ ಒಂದು ತುತ್ತು ಅಂತ ಬಲವಂತ ಮಾಡಬೇಡಿ. ನಿನಗೆ ಬೇಡ ಬಿಡು ಅಂತ ಚಮಚ ಕೊಡದೇ ಇರಲೂಬೇಡಿ. ಎಲ್ಲರಿಗೂ ಚಮಚ ಕೊಟ್ಟಾಗ ಅವರಿಗೂ ಒಂದು ಕೊಡಿ. ಉಳಿದದ್ದು ಅವರ ನಿರ್ಧಾರ. ನನ್ನ ಗೆಳತಿಯರು ಹಾಗೆಯೇ ಮಾಡುತ್ತಾರೆ, ಅದರಿಂದಲೇ ನಾನು ಹಾಯಾಗಿ ಹೋಗಿಬರುತ್ತೇನೆ.

ಹಂಚಿಕೊಂಡು ತಿನ್ನುವುದು ಎಲ್ಲರಿಗೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರುವಂತೆ ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದಂಥವುಗಳ ಪಾಲು 10 ಶೇಕಡಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಆ 10 ಅಂದರೆ ಸುಮಾರು 50 ಗ್ರಾಂ ಸಕ್ಕರೆ. ಮೂರು ಕಡೆ ಮೂರು ಪೂರ್ತಿ ತಟ್ಟೆ ತಿಂದರೆ ಅದು ಸುಲಭವಾಗಿ ದಾಟುತ್ತದೆ. ತಲೆಗೆ ಎರಡೆರಡು ಚಮಚ ಆದರೆ ಮಿತಿಯೊಳಗೆ ಉಳಿಯುವುದು ಕಷ್ಟವಲ್ಲ.

ಹೊರಡುವ ಮೊದಲು ಹೊಟ್ಟೆಗೆ ಮೊಟ್ಟೆ, ಮೊಸರು, ಕಾಳು ಏನಾದರೂ ಗಟ್ಟಿಯಾದದ್ದು ಬಿದ್ದಿರಬೇಕು. ಖಾಲಿ ಹೊಟ್ಟೆಯಲ್ಲಿ ಸಿಹಿ ತಿಂದರೆ ರಕ್ತಕ್ಕೆ ಸಕ್ಕರೆ ಬೇಗ ಏರುತ್ತದೆ. ನೀವು ತಿಂಡಿ ಮಾಡಿ ಬಡಿಸಿ ಕರೆದುಕೊಂಡು ಹೋಗುವುದು, ಆಮೇಲೆ ನಡೆಸುವುದು, ಎರಡೂ ಅವರಿಗೆ ದೊಡ್ಡ ಸಹಾಯ. ನಡೆಯುವಾಗ ಸ್ನಾಯುಗಳು ಆ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಒಳಗೆ ಏನಿದೆ ಅಂತ ಅಂಗಡಿಯಲ್ಲಿ ಕೇಳಲು ಸಂಕೋಚಪಡಬೇಡಿ. ಗುಂಪಿನಲ್ಲಿ ಯಾರಿಗಾದರೂ ಕಡಲೆಕಾಯಿ, ಬಾದಾಮಿ, ಎಳ್ಳು ಆಗುವುದಿಲ್ಲ ಅಂದರೆ ಚಮಚ ಹಂಚಿಕೊಳ್ಳುವ ಮೊದಲೇ ಕೇಳಬೇಕು. ಮೊಟ್ಟೆ ತಿನ್ನದವರಿಗೂ ಇದು ಬೇಕು. ಕಸ್ಟರ್ಡು, ಮೂಸ್, ಎಷ್ಟೋ ಐಸ್‌ಕ್ರೀಮುಗಳಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ಹೊರಗೆ ಕಾಣುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಚಮಚ ತೆಗೆದುಕೊಳ್ಳಿ.

ಬೆಳಗಿನಬಾಣಲೆ ಉತ್ತರಿಸಿದ್ದು:

ಅರ್ಧಚಮಚ, ನಿಮ್ಮ ಮಾತು ಓದಿ ನಮ್ಮ ಗೆಳೆಯರಿಗೆ ಫೋನ್ ಮಾಡಿ ಕೇಳಿದೆ. ಚಮಚ ಕೊಡಿ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ ಅಂದರು. ಹಾಗೆಯೇ ಮಾಡುತ್ತೇವೆ.

ಬರುವ ರಜೆಗೆ ನನ್ನ ಯೋಜನೆ ಹೀಗಿದೆ. ರಾತ್ರಿ ಒಣ ಹಿಟ್ಟು ಬೆರೆಸಿಡುತ್ತೇನೆ. ಬೆಳಿಗ್ಗೆ ಮೊದಲು ಅಣಬೆ, ಟೊಮೆಟೊ ಹುರಿದು ಮುಚ್ಚಿಡುತ್ತೇನೆ. ಮೊಟ್ಟೆ ಬೇಯಿಸಿಡುತ್ತೇನೆ. ಬಾಳೆಹಣ್ಣು ಹಾಕಿದ ಪ್ಯಾನ್‌ಕೇಕು ಓವನ್ ಜಾಲರಿಯ ಮೇಲೆ ಕಾಯುತ್ತಿರುತ್ತದೆ. ಟೋಸ್ಟರನ್ನು ಊಟದ ಮೇಜಿಗೇ ತಂದುಬಿಡುತ್ತೇನೆ, ಅವರವರ ಬ್ರೆಡ್ಡು ಅವರವರೇ ಸುಟ್ಟುಕೊಳ್ಳಲಿ. ಎಲ್ಲರ ಜೊತೆ ನಾನೂ ಕೂರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಬೇಕಾಗಿತ್ತು, ಅವರ ಬೆನ್ನ ಹಿಂದೆ ಒಲೆಯ ಮುಂದೆ ನಿಂತು ಮಾತು ಕೇಳಿಸಿಕೊಳ್ಳುವುದು ಸಾಕಾಗಿತ್ತು.

ಆಮೇಲೆ ಟಾರ್ಟು, ಕಸ್ಟರ್ಡು, ಚಾಕೊಲೇಟು, ಐಸ್‌ಕ್ರೀಮು. ನಾಲ್ಕು ಕಡೆ ಆಗುತ್ತದೆಯೋ ಇಲ್ಲವೋ ನೋಡೋಣ. ಆಗದಿದ್ದರೆ ಕಸ್ಟರ್ಡು ಬಿಡುತ್ತೇವೆ, ಅದನ್ನು ನಾನು ಮನೆಯಲ್ಲೇ ಮಾಡಬಲ್ಲೆ. ಉಳಿದ ಮೂರು ನನ್ನ ಕೈಯಲ್ಲಿ ಆಗುವಂಥದ್ದಲ್ಲ.

ಸಕ್ಕರೆಪಾಕ, ನಿಮಗೆ ಇನ್ನೊಂದು ಸಣ್ಣ ಪ್ರಶ್ನೆ. ತುಂಬ ಹಿಡಿಸಿದ್ದನ್ನು ಒಂದು ಡಬ್ಬಿ ಮನೆಗೆ ತರುವ ಆಸೆ ಇದೆ. ಯಾವುದು ಉಳಿಯುತ್ತದೆ?

ಸಕ್ಕರೆಪಾಕ ಉತ್ತರಿಸಿದ್ದು:

ಚಾಕೊಲೇಟು ತನ್ನಿ. ತಂಪಾದ, ಒಣಗಿದ ಕಪಾಟಿನಲ್ಲಿ ಇಡಿ, ಫ್ರಿಜ್ ಬೇಡ, ಅಲ್ಲಿನ ತೇವಕ್ಕೆ ಮೇಲೆ ಸಕ್ಕರೆ ಬಿಳುಪು ಕಟ್ಟುತ್ತದೆ. ತಾಜಾ ಕ್ರೀಮ್ ತುಂಬಿದ ಚಾಕೊಲೇಟಾದರೆ ಎಷ್ಟು ದಿನ ಇಡಬಹುದು ಅಂತ ಅಂಗಡಿಯಲ್ಲೇ ಕೇಳಿ. ಕ್ರೀಮ್ ಇಲ್ಲದ ಪಫ್ ತಂದರೆ ಮಾರನೇ ದಿನ 160 ಡಿಗ್ರಿ ಓವನ್‌ನಲ್ಲಿ ಐದು ನಿಮಿಷ ಬಿಸಿ ಮಾಡಿ, ಮತ್ತೆ ಗರಿಗರಿಯಾಗುತ್ತದೆ. ಮೈಕ್ರೋವೇವ್‌ಗೆ ಹಾಕಿದರೆ ಮೆತ್ತಗಾಗುತ್ತದೆ. ಹಣ್ಣಿನ ಟಾರ್ಟು ಅವತ್ತೇ ತಿನ್ನಬೇಕು, ತಳ ನೆನೆದುಬಿಡುತ್ತದೆ.

ಕ್ರೀಮ್, ಕಸ್ಟರ್ಡ್ ಇರುವುದನ್ನು ಫ್ರಿಜ್‌ನಿಂದ ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬೇಡಿ. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಅಷ್ಟೇ. ಅಂಥದ್ದು ಬೇಕಾದರೆ ಕೊನೆಯ ಅಂಗಡಿಯಲ್ಲಿ, ಮನೆಗೆ ಹೊರಡುವಾಗ ಕಟ್ಟಿಸಿಕೊಳ್ಳಿ.